ಯಾರೂ ವಾಸವಿಲ್ಲದ ಮನೆ

ಕೆನಡಾದ ಟೊರಾಂಟೊ ನಗರದ ಕೆಲವು ಬೀದಿಗಳಲ್ಲಿ ಇಂಥದ್ದೊಂದು ಮನೆ ಸಿಗುತ್ತದೆ. ಇಟ್ಟಿಗೆ ಗೋಡೆ, ಇಳಿಜಾರು ಚಾವಣಿ, ಮುಂದೆ ನೀಟಾಗಿ ಕತ್ತರಿಸಿದ ಹುಲ್ಲು. ಎಲ್ಲವೂ ಅಕ್ಕಪಕ್ಕದ ಮನೆಗಳ ಹಾಗೇ. ಆದರೆ ಅಲ್ಲಿಂದ ಯಾರೂ ಆಚೆ ಬರುವುದಿಲ್ಲ. ಒಗ್ಗರಣೆಯ ಘಮ ಇಲ್ಲ, ಬಾಗಿಲಲ್ಲಿ ಮಕ್ಕಳ ಸೈಕಲ್ ಇಲ್ಲ. ಕಿವಿಗೊಟ್ಟರೆ ಸಣ್ಣಗೆ ಗುಂಯ್ ಅನ್ನುವ ಸದ್ದು ಮಾತ್ರ. ಅದು ಮನೆಯಲ್ಲ, ವಿದ್ಯುತ್ ಸಬ್‌ಸ್ಟೇಷನ್. ದೂರದಿಂದ ಬಂದ ವಿದ್ಯುತ್ತಿನ ವೋಲ್ಟೇಜ್ ಇಳಿಸಿ ಬಡಾವಣೆಗೆ ಹಂಚುವ ಜಾಗ.

ಆ ಊರಿನ ವಿದ್ಯುತ್ ಸಂಸ್ಥೆ ಟೊರಾಂಟೊ ಹೈಡ್ರೊ 1911ರಲ್ಲಿ ಶುರುವಾಯಿತು. ನಯಾಗರಾ ಜಲಪಾತದಿಂದ ಬಂದ ವಿದ್ಯುತ್ತನ್ನು ಊರಿಗೆ ಹಂಚುವುದು ಅದರ ಕೆಲಸ. (ನಮ್ಮ ಶಿವನಸಮುದ್ರದ ವಿದ್ಯುತ್ 1905ರಲ್ಲೇ ಬೆಂಗಳೂರಿಗೆ ಬಂದಿತ್ತು. ಇದನ್ನು ನೆನೆದಾಗಲೆಲ್ಲ ನನಗೆ ಖುಷಿಯಾಗುತ್ತದೆ.) ಮುಂದಿನ ದಶಕಗಳಲ್ಲಿ ಅದು ಮನೆಯ ವೇಷದ ಸಬ್‌ಸ್ಟೇಷನ್‌ಗಳನ್ನು ಬಡಾವಣೆಗಳ ನಡುವೆ ಕಟ್ಟುತ್ತಾ ಹೋಯಿತು. ಅವುಗಳ ಒಟ್ಟು ಸಂಖ್ಯೆ ಇನ್ನೂರನ್ನೂ ದಾಟಿತು.

ಊರಾಚೆ ಎಲ್ಲೋ ಕಟ್ಟಬಹುದಿತ್ತಲ್ವಾ? ಆಗುತ್ತಿರಲಿಲ್ಲ. ವೋಲ್ಟೇಜ್ ಅಂದರೆ ವಿದ್ಯುತ್ತನ್ನು ತಳ್ಳುವ ಒತ್ತಡ, ಕರೆಂಟು ಅಂದರೆ ತಂತಿಯಲ್ಲಿನ ಹರಿವು. ಒತ್ತಡ ಇಳಿದಷ್ಟೂ ಹರಿವು ಹೆಚ್ಚಬೇಕು. ಆ ಕರೆಂಟು ದುಪ್ಪಟ್ಟಾದರೆ ಶಾಖವಾಗಿ ಪೋಲಾಗುವ ವಿದ್ಯುತ್ ನಾಲ್ಕು ಪಟ್ಟಾಗುತ್ತದೆ. ಈ ಸಬ್‌ಸ್ಟೇಷನ್‌ಗಳು 13,800 ವೋಲ್ಟನ್ನು 4,160ಕ್ಕೆ ಇಳಿಸುತ್ತಿದ್ದವು. ಅಷ್ಟೇ ವಿದ್ಯುತ್ತನ್ನು ಅದೇ ತಂತಿಯಲ್ಲಿ ಇಳಿದ ವೋಲ್ಟೇಜಿನಲ್ಲಿ ಸಾಗಿಸಿದರೆ ಕರೆಂಟು ಸುಮಾರು 3.3 ಪಟ್ಟು ಬೇಕು. ಆಗ ಪೋಲಾಗುವುದು 11 ಪಟ್ಟು! ಹಾಗಾಗಿ ವೋಲ್ಟೇಜನ್ನು ಮನೆಗಳ ಹತ್ತಿರ ಬಂದ ಮೇಲೇ ಇಳಿಸಬೇಕು. ಅಲ್ಲಿಂದ ಮುಂದೆ ಮನೆಯ ಮಟ್ಟಕ್ಕೆ ಇಳಿಸುವುದು ಸಣ್ಣ ಟ್ರಾನ್ಸ್‌ಫಾರ್ಮರ್‌ಗಳ ಕೆಲಸ. ನಮ್ಮ ಲೈನ್‌ಮನ್‌ಗಳು ಟಿಸಿ ಅನ್ನುತ್ತಾರಲ್ಲ, ಅದೇ.

ಹಾಗೆ ಹತ್ತಿರ ತಂದ ಸಬ್‌ಸ್ಟೇಷನ್ನಿನ ದೊಡ್ಡ ಟ್ರಾನ್ಸ್‌ಫಾರ್ಮರ್ ನೆರೆಯವರ ನಿದ್ದೆ ಕೆಡಿಸಬಾರದು. ಕಷ್ಟ ಶುರುವಾಗುವುದೇ ಇಲ್ಲಿ.

ಟ್ರಾನ್ಸ್‌ಫಾರ್ಮರಿನ ಒಳಗೆ ತೆಳು ಉಕ್ಕಿನ ಹಾಳೆಗಳನ್ನು ಒತ್ತೊತ್ತಾಗಿ ಜೋಡಿಸಿರುತ್ತಾರೆ. ಕಾಂತಶಕ್ತಿ ಏರಿ ಇಳಿದ ಹಾಗೆಲ್ಲ ಆ ಉಕ್ಕಿನ ಉದ್ದ ಕಣ್ಣಿಗೆ ಕಾಣದಷ್ಟು ಬದಲಾಗುತ್ತದೆ. ವಿದ್ಯುತ್ತಿನ ಒಂದು ಸುತ್ತಿಗೆ ಎರಡು ಸಲ. ಕೆನಡಾದಲ್ಲಿ ಸೆಕೆಂಡಿಗೆ 60 ಸುತ್ತು, ಅಂದರೆ 120 ಕಂಪನ. ನಮ್ಮಲ್ಲಿ 50 ಸುತ್ತು, 100 ಕಂಪನ. ನಮ್ಮ ಬೀದಿಯ ಟಿಸಿಯ ಗುಂಯ್ ಅವರದಕ್ಕಿಂತ ಸ್ವಲ್ಪ ತಗ್ಗಿನ ಸ್ವರ. ಇಂಥ ತಗ್ಗಿನ ಸದ್ದು ಬಲು ಹಟಮಾರಿ. ತಗಡು, ಹಲಗೆಗೆಲ್ಲ ಜಗ್ಗುವುದಿಲ್ಲ. ತಡೆಯಲು ಭಾರವಾದ ಗೋಡೆಯೇ ಬೇಕು. ಇಟ್ಟಿಗೆ ಗೋಡೆ ನೋಟಕ್ಕೆ ಮಾತ್ರ ಅಲ್ಲ, ಕಿವಿಗೂ ಬೇಕು.

ಆದರೆ ಸುತ್ತಲೂ ಗೋಡೆ ಮುಚ್ಚಿಬಿಟ್ಟರೆ ಸೆಖೆ. ಒಂದು ಲೆಕ್ಕ ನೋಡಿ. 5,000 ಕಿಲೋವಾಟ್ ಸಾಗಿಸುವ ಟ್ರಾನ್ಸ್‌ಫಾರ್ಮರಿನಲ್ಲಿ ನೂರಕ್ಕೆ ಒಂದು ಪಾಲು ಪೋಲಾದರೂ 50 ಕಿಲೋವಾಟ್ ಶಾಖ. ಸ್ನಾನದ ಮನೆಯ 25 ಗೀಸರ್‌ಗಳನ್ನು ಒಂದೇ ಕೋಣೆಯಲ್ಲಿ ಹಗಲೂ ರಾತ್ರಿ ಉರಿಸಿದ ಹಾಗೆ! ಗಾಳಿಗೆ ದಾರಿ ಬಿಟ್ಟರೆ ಸದ್ದೂ ಅದೇ ದಾರಿಯಲ್ಲಿ ಹೊರಬರುತ್ತದೆ. ಅದಕ್ಕೆ ಗಾಳಿಯ ದಾರಿಯನ್ನು ತಿರುವು ತಿರುವಾಗಿ ಮಾಡಿ, ಒಳಗೆ ಸದ್ದು ಹೀರುವ ಹಾಸು ಹಾಕುತ್ತಾರೆ. ಅಥವಾ ಟ್ರಾನ್ಸ್‌ಫಾರ್ಮರನ್ನು ಹಿತ್ತಲಲ್ಲಿ ಎತ್ತರದ ಗೋಡೆಗಳ ನಡುವೆ ಆಕಾಶಕ್ಕೆ ಬಿಟ್ಟು, ಸ್ವಿಚ್ಚುಗಳನ್ನಷ್ಟೇ ಒಳಗಿಡುತ್ತಾರೆ. ಯಂತ್ರದ ಕೆಳಗೆ ರಬ್ಬರಿನ ಮೆತ್ತೆ ಇಟ್ಟರೆ ನಡುಕ ನೆಲಕ್ಕಿಳಿದು ಪಕ್ಕದ ಮನೆಗೆ ದಾಟುವುದೂ ಕಮ್ಮಿಯಾಗುತ್ತದೆ.

ಇನ್ನೊಂದು ಭಯ ಬೆಂಕಿ. ಟ್ರಾನ್ಸ್‌ಫಾರ್ಮರನ್ನು ತಣ್ಣಗಿಡುವ ಎಣ್ಣೆಯೇ ಉರಿಯುವ ವಸ್ತು. 2008ರಲ್ಲಿ ಟೊರಾಂಟೊದ ಮಿಲ್‌ವುಡ್ ರಸ್ತೆಯಲ್ಲಿದ್ದ ಇಂಥದ್ದೇ ಒಂದು ‘ಮನೆ’ ಸ್ಫೋಟಿಸಿತು. ಸೋರಿದ ಎಣ್ಣೆಯನ್ನು ಹಿಡಿದಿಡಲು ಕೆಳಗೆ ಗುಂಡಿ, ಉರಿ ದಾಟದ ಗೋಡೆ, ಅಗ್ನಿಶಾಮಕ ವಾಹನ ಸಲೀಸಾಗಿ ಬರುವ ದಾರಿ ಇರಲೇಬೇಕು.

ನನಗೆ ಈ ಕಟ್ಟಡಗಳಲ್ಲಿ ಇಷ್ಟವಾಗುವುದು ರಸ್ತೆಯಿಂದ ಅವು ಕಾಯ್ದುಕೊಳ್ಳುವ ದೂರ. ಪಕ್ಕದ ಮನೆಗಳು ಎಷ್ಟು ಹಿಂದೆ ಸರಿದಿವೆಯೋ ಇದೂ ಅಷ್ಟೇ ಸರಿದು ನಿಂತಿದೆ. ಎತ್ತರವೂ ಅಷ್ಟೇ. ಸಾಲು ಮುರಿಯುವುದಿಲ್ಲ. ಕಿಟಕಿಯ ವೇಷ ಹಾಕಿದ್ದು ಮಾತ್ರ ನನಗೆ ಅಷ್ಟು ಹಿಡಿಸುವುದಿಲ್ಲ. ಒಳಗೆ ಏನಿದೆ ಅಂತ ನೆರೆಯವರಿಗೆ ತಿಳಿದಿರಬೇಕು. ಬೆಂಕಿ ಬಿದ್ದ ದಿನ ತಿಳಿದರೆ ಸಾಲದು.

ಅದೇ ಊರಿನಲ್ಲಿ ಪೂರ್ತಿ ಬೇರೆ ದಾರಿಯೂ ಇದೆ. 1941ರಲ್ಲಿ ಶುರುವಾದ ಆರ್. ಸಿ. ಹ್ಯಾರಿಸ್ ನೀರು ಶುದ್ಧೀಕರಣ ಘಟಕ ಒಂಟಾರಿಯೊ ಸರೋವರದ ದಡದಲ್ಲಿ ಅರಮನೆಯ ಹಾಗೆ ನಿಂತಿದೆ. ಪಕ್ಕದಲ್ಲೇ ಮನೆಗಳು. ಅದು ಏನನ್ನೂ ಬಚ್ಚಿಡುವುದಿಲ್ಲ, ಆದರೂ ಜನ ಅದರ ಹುಲ್ಲಿನ ಮೇಲೆ ಬಂದು ಕೂರುತ್ತಾರೆ.

ಬೆಂಗಳೂರಿನ ಫುಟ್‌ಪಾತ್ ಮೇಲೆ ಕೂತ ಟಿಸಿಗಳನ್ನು ದಾಟಿ, ಶಾಲೆಯ ಮಕ್ಕಳು ರಸ್ತೆಗಿಳಿದು ನಡೆಯುವುದನ್ನು ನೋಡಿದಾಗ ಹೊಟ್ಟೆ ಚುರ್ ಅನ್ನುತ್ತದೆ. ನಮಗೆ ಅರಮನೆ ಬೇಡ, ಸುಳ್ಳು ಕಿಟಕಿಯೂ ಬೇಡ. ಬಡಾವಣೆಯ ನಕ್ಷೆ ಬರೆಯುವ ದಿನವೇ ಪಾರ್ಕಿಗೆ ಜಾಗ ಗುರುತು ಮಾಡುವ ಹಾಗೆ ಟಿಸಿಗೂ ಒಂದು ಮೂಲೆ ಗುರುತು ಮಾಡಿದರೆ ಸಾಕು.

ಟೊರಾಂಟೊದಲ್ಲಿ ಈಗ 4,160 ವೋಲ್ಟಿನ ಹಳೆಯ ಜಾಲವನ್ನು ಹಂತ ಹಂತವಾಗಿ ತೆಗೆಯುತ್ತಿದ್ದಾರೆ. 13,800 ವೋಲ್ಟೇ ನೇರವಾಗಿ ಬೀದಿಯ ಟ್ರಾನ್ಸ್‌ಫಾರ್ಮರ್ ತನಕ ಬರುತ್ತದೆ. ಹಾಗೆ ಬದಲಾದ ಬೀದಿಗಳಲ್ಲಿ ಮನೆಯ ವೇಷದ ಕಟ್ಟಡಕ್ಕೆ ಕೆಲಸವಿಲ್ಲ. ಒಂದೊಂದಾಗಿ ಗುಂಯ್ ಅನ್ನುವ ಸದ್ದು ನಿಲ್ಲುತ್ತಿದೆ.