ಪಿತ್ತನಾಳದ ಸ್ಟೆಂಟ್: ತಳ್ಳುವ ಬಲ, ಅರಳುವ ಬಲ, ನೆಟ್ಟಗಾಗುವ ಬಲ

ಮೇದೋಜೀರಕ ಗ್ರಂಥಿಯ ತಲೆಭಾಗದಲ್ಲಿ ಗೆಡ್ಡೆ ಬೆಳೆದು ಪಿತ್ತನಾಳವನ್ನು ಅದುಮಿದರೆ ಕಾಮಾಲೆ ಬರುತ್ತದೆ. ಇಆರ್‌ಸಿಪಿ (ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ ಪಿತ್ತನಾಳವನ್ನು ತಲುಪುವ ವಿಧಾನ) ಮಾಡಿ ಸ್ಟೆಂಟ್ ಎಂಬ ಸಣ್ಣ ಕೊಳವೆ ಇಟ್ಟು ಪಿತ್ತಕ್ಕೆ ದಾರಿ ಬಿಡಿಸುತ್ತೇವೆ. ಸ್ಟೆಂಟ್ ಮೇಲೇರದೆ ನಿಂತಾಗ ಹೊಸಬರು ಇನ್ನೂ ಜೋರಾಗಿ ತಳ್ಳುತ್ತಾರೆ. ಆದರೆ ಬಲ ಸಾಲದೆ ಸ್ಟೆಂಟ್ ನಿಲ್ಲುವುದು ಕಡಿಮೆ; ಹೆಚ್ಚಾಗಿ ಬಲದ ದಿಕ್ಕು ತಪ್ಪಿರುತ್ತದೆ.

ಮೊದಲು ಪ್ಲಾಸ್ಟಿಕ್ ಸ್ಟೆಂಟ್. 10 ಫ್ರೆಂಚ್ (ಕೊಳವೆಯ ದಪ್ಪದ ಏಕಮಾನ) ಅಳತೆಯದರ ಹೊರವ್ಯಾಸ ಸುಮಾರು 3.3 ಮಿ.ಮೀ., ಅದು ಹಾದುಹೋಗುವ ಎಂಡೋಸ್ಕೋಪಿನ ಒಳದಾರಿ, ಅಂದರೆ ಚಾನೆಲ್, 4.2 ಮಿ.ಮೀ. ಒಳಗೆ ದಾರಿ ತೋರುವ 0.035 ಇಂಚಿನ ತಂತಿ (ಗೈಡ್‌ವೈರ್), ಅದರ ಮೇಲೆ ತೆಳು ನಳಿಕೆ (ಕ್ಯಾತಿಟರ್), ಅದರ ಮೇಲೆ ಸ್ಟೆಂಟ್, ಹಿಂದಿನಿಂದ ದೂಡಲು ಪುಶರ್. ಕೈಯಿಂದ ಕೊಟ್ಟ ಒತ್ತಡ ಒಂದು ಮೀಟರಿಗೂ ಹೆಚ್ಚು ದೂರ ಸಾಗಿ, ಎಲಿವೇಟರ್ (ಸ್ಕೋಪಿನ ತುದಿಯಲ್ಲಿ ಸಾಧನವನ್ನು ಎತ್ತುವ ಪುಟ್ಟ ಸನ್ನೆ) ಬಳಿ ಪಕ್ಕಕ್ಕೆ ತಿರುಗಿ ನಾಳದೊಳಗೆ ಮೇಲೇರಬೇಕು. ಸ್ಕೋಪಿನ ತುದಿ ಪ್ಯಾಪಿಲಾದಿಂದ (ಪಿತ್ತನಾಳ ಕರುಳಿಗೆ ತೆರೆಯುವ ಉಬ್ಬಿನಿಂದ) ದೂರವಿದ್ದರೆ ಸ್ಟೆಂಟ್ ಡ್ಯುಯೋಡಿನಮ್‌ನಲ್ಲೇ (ಸಣ್ಣಕರುಳಿನ ಮೊದಲ ಭಾಗದಲ್ಲೇ) ಬಿಲ್ಲಾಗಿ ಬಾಗುತ್ತದೆ. ಆಮೇಲೆ ಎಷ್ಟು ತಳ್ಳಿದರೂ ಆ ಬಾಗು ದೊಡ್ಡದಾಗುತ್ತದೆಯೇ ಹೊರತು ಸ್ಟೆಂಟ್ ಮೇಲೇರುವುದಿಲ್ಲ. ಗೈಡ್‌ವೈರ್ ಕೂಡ ಜಾರಿ ಹೊರಬರಬಹುದು.

ಹಾಗಾಗಿ ಸ್ಕೋಪಿನ ತುದಿಯನ್ನು ಪ್ಯಾಪಿಲಾಕ್ಕೆ ಆದಷ್ಟು ಹತ್ತಿರ ಇಡಬೇಕು. ಎಲಿವೇಟರ್ ಇಳಿಸಿ ಒಂದೆರಡು ಸೆಂ.ಮೀ. ಮಾತ್ರ ತಳ್ಳಿ, ಎಲಿವೇಟರ್ ಎತ್ತಿ, ಸ್ಕೋಪಿನ ಹಿಡಿಯಲ್ಲಿರುವ ದೊಡ್ಡ ಚಕ್ರವನ್ನು ಮೇಲ್ಮುಖವಾಗಿ ತಿರುಗಿಸಿ, ಸ್ಕೋಪನ್ನು ತುಸು ಹಿಂದಕ್ಕೆ ಎಳೆಯಬೇಕು. ಸ್ಟೆಂಟನ್ನು ಮೇಲಕ್ಕೆ ಏರಿಸುವುದು ಈ ಎತ್ತುವಿಕೆಯೇ. ಮತ್ತೆ ಇಳಿಸಿ, ಮತ್ತೆ ತಳ್ಳಿ, ಮತ್ತೆ ಎತ್ತಿ. ಅಷ್ಟೂ ಹೊತ್ತು ಸಹಾಯಕರು ವೈರನ್ನು ಬಿಗಿಯಾಗಿ ಹಿಡಿದಿರಬೇಕು. ಅದು ಸಡಿಲವಾದರೆ ಮೇಲಿನ ಕೆಲಸವೆಲ್ಲ ವ್ಯರ್ಥ. ಇಷ್ಟಾದರೂ ಹೋಗದಿದ್ದರೆ ಬಲೂನಿನಿಂದ ಇಕ್ಕಟ್ಟನ್ನು ಹಿಗ್ಗಿಸಿ, ಇಲ್ಲವೇ 7 ಫ್ರೆಂಚ್‌ಗೆ ಇಳಿಯಿರಿ. ಸಣ್ಣದಕ್ಕೆ ಇಳಿಯುವಾಗ ಒಂದು ಲೆಕ್ಕ ನೆನಪಿರಲಿ: ಒಳವ್ಯಾಸ ಅರ್ಧವಾದರೆ ಹರಿವು ಹದಿನಾರರಲ್ಲಿ ಒಂದು ಪಾಲಿಗೆ ಕುಸಿಯುತ್ತದೆ.

ತಾನಾಗಿ ಅರಳುವ ಲೋಹದ ಸ್ಟೆಂಟಿನಲ್ಲಿ ಸಮಸ್ಯೆ ಬೇರೆ. ಸ್ಟೆಂಟನ್ನು ಅದುಮಿ ಹಿಡಿದ ಹೊರಕವಚ ಎಳೆಯುತ್ತಿದ್ದಂತೆ ಇಡೀ ಸಾಧನ ನಾಳದೊಳಕ್ಕೆ, ಮೇಲಕ್ಕೆ ಸರಿಯಲು ನೋಡುತ್ತದೆ. ವೈದ್ಯರು ಅದನ್ನು ಹದವಾಗಿ ಹಿಂದಕ್ಕೆ ಎಳೆದು ಹಿಡಿದು, ಕಣ್ಣನ್ನು ಕೆಳತುದಿಯ ಗುರುತಿನ ಮೇಲೇ ನೆಟ್ಟಿರಬೇಕು. ಹೆಣೆದ ಸ್ಟೆಂಟ್ ಅರಳುತ್ತಾ ಗಿಡ್ಡವೂ ಆಗುತ್ತದೆ, ಆ ಕುಗ್ಗುವಿಕೆಯನ್ನು ಮೊದಲೇ ಲೆಕ್ಕ ಹಾಕಿರಬೇಕು. ಲೇಸರಿನಿಂದ ಕೊರೆದದ್ದು ಅಷ್ಟಾಗಿ ಕುಗ್ಗುವುದಿಲ್ಲ. ಕೆಳತುದಿ ಪ್ಯಾಪಿಲಾದಿಂದ 5ರಿಂದ 10 ಮಿ.ಮೀ. ಹೊರಗಿದ್ದರೆ ಸಾಕು, ಉದ್ದವಾಗಿ ಚಾಚಿದರೆ ಎದುರಿನ ಕರುಳಗೋಡೆಗೆ ಉಜ್ಜಿ ಹುಣ್ಣಾಗುತ್ತದೆ.

ಅರಳುವ ಬಲ ನಾಳದ ಗೋಡೆಯನ್ನು ಸುತ್ತಲೂ ಹೊರಕ್ಕೆ ಒತ್ತುತ್ತದೆ. ನಿಟಿನಾಲ್ (ನಿಕ್ಕಲ್-ಟೈಟೇನಿಯಂ ಮಿಶ್ರಲೋಹ) ಸ್ಟೆಂಟ್ ಪೂರ್ತಿ ಅರಳಲು ಒಂದರಿಂದ ಮೂರು ದಿನ ಬೇಕು, ಆದ್ದರಿಂದ ಹಾಕಿದ ಕೂಡಲೇ ಎಕ್ಸ್‌ರೇಯಲ್ಲಿ ನಡು ಸಣ್ಣಗೆ ಕಂಡರೆ ಗಾಬರಿ ಬೇಡ. ನನ್ನ ಮಟ್ಟಿಗೆ ಹೆಚ್ಚು ಗಮನ ಬೇಡುವುದು ಇನ್ನೊಂದು ಬಲ, ಅಂದರೆ ಬಾಗಿಸಿದ ಸ್ಟೆಂಟ್ ಮತ್ತೆ ನೆಟ್ಟಗಾಗಲು ಹಾಕುವ ಜೋರು. ಜಪಾನಿನ ಹಿರೊಯುಕಿ ಇಸಾಯಾಮಾ ತಂಡ 2009ರಲ್ಲಿ ಇವೆರಡನ್ನೂ ಬೇರೆಬೇರೆಯಾಗಿ ಅಳೆದು ಪ್ರಕಟಿಸಿತು. ಚೆನ್ನಾಗಿ ಅರಳುವ ಸ್ಟೆಂಟ್ ಬಾಗಿಗೆ ಹೊಂದಿಕೊಳ್ಳುವುದೆಂಬ ಖಾತರಿಯಿಲ್ಲ.

ಪಿತ್ತನಾಳ ನೇರ ಕೊಳವೆಯಲ್ಲ. ನೆಟ್ಟಗಾಗುವ ಬಲ ಹೆಚ್ಚಿರುವ ಸ್ಟೆಂಟಿನ ಮೇಲ್ತುದಿ ಸರಿಯಾಗಿ ತಿರುವಿನಲ್ಲೇ ನಿಂತರೆ ಅದು ಗೋಡೆಗೆ ಒತ್ತಿ ನಾಳವನ್ನೇ ಮಡಿಸುತ್ತದೆ. ಒಳಗೆ ಸ್ಟೆಂಟ್ ಚೆನ್ನಾಗಿ ತೆರೆದಿದ್ದರೂ ಪಿತ್ತ ಇಳಿಯುವುದಿಲ್ಲ. ಚಳಿಜ್ವರ, ಸೋಂಕು ಶುರುವಾಗುತ್ತದೆ. ಜಾಲರಿಗೆ ಪೊರೆಯ ಮುಚ್ಚಿಗೆಯಿರುವ ಸ್ಟೆಂಟಿನಲ್ಲಿ ಇನ್ನೊಂದು ತೊಂದರೆ: ಜಾಲರಿಯೊಳಗೆ ಗೆಡ್ಡೆ ನುಗ್ಗದ ಕಾರಣ ಹಿಡಿತ ಕಡಿಮೆ. ಅರಳುವ ಬಲ ಕಡಿಮೆ, ನೆಟ್ಟಗಾಗುವ ಬಲ ಹೆಚ್ಚು ಎಂಬ ಜೋಡಿ ಇಲ್ಲಿ ಬಂದರೆ ಸ್ಟೆಂಟ್ ಜಾರುವ ಸಾಧ್ಯತೆ ಏರುತ್ತದೆ.

ಆದ್ದರಿಂದ ಉದ್ದ ಆರಿಸುವಾಗ ಇಕ್ಕಟ್ಟನ್ನಷ್ಟೇ ಅಳೆಯಬೇಡಿ, ಮೇಲ್ತುದಿ ಎಲ್ಲಿ ಕೂರುತ್ತದೆಂದು ನೋಡಿ. 6 ಸೆಂ.ಮೀ.ನದು ತಿರುವಿನಲ್ಲಿ ಮುಗಿಯುವುದಾದರೆ, ತುದಿ ನೇರ ಭಾಗಕ್ಕೆ ತಲುಪುವ 8 ಸೆಂ.ಮೀ.ನದು ಒಳ್ಳೆಯದು. ಈಗಾಗಲೇ ಹಾಕಿದ್ದು ಮಡಿಸಿ ನಿಂತಿದ್ದರೆ, ಅದರೊಳಗಿಂದಲೇ ತಿರುವು ದಾಟುವಂತೆ ಇನ್ನೊಂದು ಸ್ಟೆಂಟ್ ಏರಿಸಬಹುದು.