ಲಿಂಬೆ ಟೊಂಗೆಯ ಹುರುಪು: ಶಲ್ಕ ಕೀಟಕ್ಕೆ ಯಾವಾಗ ಸಿಂಪಡಿಸಬೇಕು?

ವಿಜಯಪುರದ ಅಂಗಳಗಳಲ್ಲಿ ಲಿಂಬೆ, ಕರಿಬೇವು, ದಾಸವಾಳ, ಕಣಗಿಲೆಗೆ ಶಲ್ಕ ಕೀಟ (ಚಿಪ್ಪಿನಂಥ ಹೊದಿಕೆಯಡಿ ಕೂತು ಗಿಡವನ್ನು ಹೀರುವ ಸಣ್ಣ ಕೀಟ) ಹತ್ತುವುದು ಹೆಚ್ಚು. ಟೊಂಗೆಯ ಮೇಲೆ, ಎಲೆಯ ನಡುನರದ ಗುಂಟ ಕಂದು ಹುರುಪು ಕಂಡರೆ ತೊಗಟೆಯ ಗಂಟೆಂದು ಬಿಡಬೇಡಿ. ಉಗುರಿನಿಂದ ಕೆರೆಯಿರಿ. ಕೀಟವಾದರೆ ಸಲೀಸಾಗಿ ಎದ್ದು ಬರುತ್ತದೆ, ಅಡಿಯ ತೊಗಟೆ ಹಾಗೇ ಉಳಿಯುತ್ತದೆ.

ಎಲೆ ಜಿಗುಟಾಗಿ, ಮೇಲೆ ಮಸಿಯಂಥ ಬೂಷ್ಟು ಕೂತು, ಇರುವೆ ಸಾಲುಗಟ್ಟಿದ್ದರೆ ಅದು ಮೆತ್ತನೆಯ ಜಾತಿ. ಲಿಂಬೆಯ ಕೆಂಪು ಶಲ್ಕ ಕೀಟ ಗಟ್ಟಿ ಚಿಪ್ಪಿನದು, ಅದು ಸಿಹಿ ಅಂಟು ಸುರಿಸುವುದಿಲ್ಲ. ಗಿಡದ ರಸನಾಳದಿಂದಲ್ಲ, ಜೀವಕೋಶಗಳಿಂದ ಹೀರುವುದರಿಂದ ಗಿಡದ ರಸದಲ್ಲಿ ಸೇರಿ ಕೀಟ ಕೊಲ್ಲುವ ಇಮಿಡಾಕ್ಲೋಪ್ರಿಡ್ ಔಷಧ ಕೂಡ ಅದಕ್ಕೆ ಅಷ್ಟಾಗಿ ತಟ್ಟುವುದಿಲ್ಲ. ದಿನಾ ಒಗ್ಗರಣೆಗೆ ಕೀಳುವ ಕರಿಬೇವಿಗಂತೂ ಆ ಔಷಧ ಬೇಡವೇ ಬೇಡ.

ಬೆಳೆದ ಕೀಟದ ಚಿಪ್ಪಿನ ಮೇಲೆ ಎಷ್ಟು ಸಿಂಪಡಿಸಿದರೂ ಬಹುಪಾಲು ವ್ಯರ್ಥ. ಸುಲಭವಾಗಿ ಸಾಯುವುದು ಆಗಷ್ಟೇ ಹೊರಬಿದ್ದ, ಇನ್ನೂ ಚಿಪ್ಪು ಕಟ್ಟದ ಮರಿ. ಅದನ್ನು ಹಿಡಿಯಲು ಹುರುಪಿನ ಪಕ್ಕದ ಟೊಂಗೆಗೆ ಎರಡೂ ಬದಿ ಅಂಟುವ ಟೇಪ್ ಸುತ್ತಿ, 3–4 ದಿನಕ್ಕೊಮ್ಮೆ ಭೂತಗನ್ನಡಿಯಲ್ಲಿ ನೋಡಿ. ಹಳದಿ ಚುಕ್ಕೆಗಳು ಅಂಟಿದ್ದರೆ ಮರಿ ಹೊರಟಿವೆ ಎಂದೇ ಲೆಕ್ಕ.

ಮೊದಲು ತೀರಾ ಹತ್ತಿದ ಟೊಂಗೆ ಕತ್ತರಿಸಿ ಸುಟ್ಟುಬಿಡಿ. ಉಳಿದದ್ದನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಸೋಪಿನ ನೀರು ಹಚ್ಚಿ ತಿಕ್ಕಿರಿ. ಆಮೇಲೆ ಸಿಂಪಡಣೆ: ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, 1–2 ಮಿ.ಲೀ. ದ್ರವ ಸೋಪು. ಸೋಪು, ಎಣ್ಣೆ ಎರಡನ್ನೂ ಸ್ವಲ್ಪ ಉಗುರುಬೆಚ್ಚಗಿನ ನೀರಲ್ಲಿ ಹಾಲಿನಂತಾಗುವವರೆಗೆ ಕಲಕಿ, ಬಳಿಕ ಉಳಿದ ನೀರು ಬೆರೆಸಬೇಕು. ಎಣ್ಣೆ ಮೇಲೆ ತೇಲಿದರೆ ಎಲೆ ಸುಡುತ್ತದೆ. ಮೊದಲು ಒಂದು ಟೊಂಗೆಗೆ ಹೊಡೆದು ಎರಡು ದಿನ ಕಾಯಿರಿ, ಎಲೆ ಸುಡದಿದ್ದರೆ ಉಳಿದದ್ದಕ್ಕೆ ಹೊಡೆಯಿರಿ. ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ, ಹಗಲು ಎಣ್ಣೆ ಹೊಡೆಯಲೇಬಾರದು. ಗಿಡಕ್ಕೆ ನೀರುಣಿಸಿ, ಹೊತ್ತಿಳಿದ ಮೇಲೆ ಎಲೆಯಡಿ, ಟೊಂಗೆಯ ಸಂದು ತೊಯ್ಯುವಂತೆ ಹೊಡೆಯಿರಿ. ಚಿಪ್ಪಿನಡಿಯ ಮೊಟ್ಟೆಗೆ ಇದು ಮುಟ್ಟದು. ಅದಕ್ಕೇ 10 ದಿನಕ್ಕೊಮ್ಮೆಯಂತೆ ಮೂರು ಸಲ ಬೇಕು.

ಇರುವೆ ತಡೆಯದಿದ್ದರೆ ಪಟ್ಟ ಶ್ರಮ ನೀರುಪಾಲು. ಸಿಹಿ ಅಂಟಿನಾಸೆಗೆ ಅವು ಶಲ್ಕ ಕೀಟವನ್ನು ತಿನ್ನುವ ಗುಲಗಂಜಿ ಹುಳು, ಅದರೊಳಗೇ ಬೆಳೆದು ಅದನ್ನು ಕೊಲ್ಲುವ ಪರೋಪಜೀವಿ ಕಣಜಗಳನ್ನು ಓಡಿಸುತ್ತವೆ. ಕಾಂಡಕ್ಕೆ ಬಟ್ಟೆ ಸುತ್ತಿ, ಅದರ ಮೇಲೆ ಗ್ರೀಸ್ ಬಳಿಯಿರಿ. ತೊಗಟೆಗೆ ನೇರ ಬಳಿಯಬೇಡಿ. ಗೋಡೆಗೆ ತಾಗಿದ ಟೊಂಗೆಯನ್ನೂ ಸವರಿ, ಇಲ್ಲದಿದ್ದರೆ ಅದೇ ಇರುವೆಗೆ ದಾರಿ. ರಸ್ತೆ ಬದಿಯ ಗಿಡದ ಧೂಳನ್ನು ಆಗಾಗ ತೊಳೆಯಿರಿ, ಧೂಳಿದ್ದಲ್ಲಿ ಈ ಮಿತ್ರಕೀಟಗಳು ನಿಲ್ಲುವುದಿಲ್ಲ.

ಸತ್ತ ಚಿಪ್ಪು ವಾರಗಟ್ಟಲೆ ಅಂಟಿಕೊಂಡೇ ಇರುತ್ತದೆ. ಅದನ್ನು ಕಂಡು ಮತ್ತೆ ಮತ್ತೆ ಹೊಡೆಯುವವರೇ ಬಹಳ. ಹತ್ತಾರು ಚಿಪ್ಪು ಹಿಸುಕಿ ನೋಡಿ: ರಸ ಬಂದರೆ ಜೀವಂತ, ಒಣ ಪುಡಿಯಾದರೆ ಸತ್ತಿದೆ. ಚಿಪ್ಪುಗಳ ಮೇಲೆ ದುಂಡನೆಯ ತೂತು ಕಂಡರೆ ಒಳಗಿನಿಂದ ಕಣಜ ಹೊರಬಂದಿದೆ. ಆ ಗಿಡಕ್ಕೆ ಯಾವ ಔಷಧವನ್ನೂ ಹೊಡೆಯದೆ ಬಿಡಿ.