ತಾವೇ ಬರೆದ ಹಾಡು, ಬೇರೆಯವರ ಮಾಸ್ಟರ್: ಟೇಲರ್ ಸ್ವಿಫ್ಟ್ ಹಕ್ಕಿನ ಹೋರಾಟದ ಇಪ್ಪತ್ತು ವರ್ಷ

2025ರ ಮೇ 30ರಂದು ಅಮೆರಿಕದ ಗಾಯಕಿ ಟೇಲರ್ ಸ್ವಿಫ್ಟ್ ತಮ್ಮ ಜಾಲತಾಣದಲ್ಲಿ ಅಭಿಮಾನಿಗಳಿಗೆ ಒಂದು ಪತ್ರ ಬರೆದರು. ಮೊದಲ ಆರು ಆಲ್ಬಂಗಳ ಮಾಸ್ಟರ್‌ಗಳು (ಮೂಲ ಧ್ವನಿಮುದ್ರಣಗಳು), ವಿಡಿಯೊಗಳು, ಸಂಗೀತ ಕಾರ್ಯಕ್ರಮಗಳ ಚಿತ್ರಗಳು, ಮುಖಪುಟಗಳು, ಹೊರಬರದೆ ಉಳಿದಿದ್ದ ಹಾಡುಗಳು ಎಲ್ಲವನ್ನೂ ಶ್ಯಾಮ್‌ರಾಕ್ ಕ್ಯಾಪಿಟಲ್ ಎಂಬ ಹೂಡಿಕೆ ಸಂಸ್ಥೆಯಿಂದ ಖರೀದಿಸಿರುವುದಾಗಿ ಅದರಲ್ಲಿ ತಿಳಿಸಿದ್ದರು. ಬೆಲೆ ಸುಮಾರು 36 ಕೋಟಿ ಡಾಲರ್ ಎಂದು ಅಮೆರಿಕದ ಪತ್ರಿಕೆಗಳು ವರದಿ ಮಾಡಿದವು. ತಾವೇ ಬರೆದು ತಾವೇ ಹಾಡಿದ್ದನ್ನು ಇಷ್ಟು ಹಣ ಸುರಿದು ಕೊಳ್ಳಬೇಕಾಗಿ ಬಂದದ್ದು ಏಕೆ? ಇದನ್ನು ಒಬ್ಬ ತಾರೆಯ ಸಿಟ್ಟು, ಅಭಿಮಾನಿಗಳ ಬಲ ಎಂದು ಹೇಳಿ ಮುಗಿಸುವವರೇ ಹೆಚ್ಚು. ಅವೆರಡೂ ಇದ್ದವು, ನಿಜ. ಆದರೆ ತಾವು ಬರೆದ ಹಾಡುಗಳ ಮೇಲಿನ ಹಕ್ಕು ಹದಿಹರೆಯದಿಂದಲೇ ಅವರ ಕೈಯಲ್ಲಿ ಇರದಿದ್ದರೆ ಈ ಹೋರಾಟ ಆರಂಭದಲ್ಲೇ ಸೋಲುತ್ತಿತ್ತು.

ಟೇಲರ್ ಹುಟ್ಟಿದ್ದು 1989ರ ಡಿಸೆಂಬರ್ 13ರಂದು, ಪೆನ್ಸಿಲ್ವೇನಿಯಾದ ವೆಸ್ಟ್ ರೀಡಿಂಗ್‌ನಲ್ಲಿ. ಬಾಲ್ಯ ಕಳೆದದ್ದು ಕ್ರಿಸ್‌ಮಸ್ ಮರಗಳನ್ನು ಬೆಳೆಯುವ ತೋಟದಲ್ಲಿ. ಮಗಳ ಹಾಡಿನ ಹುಚ್ಚಿಗಾಗಿ ಕುಟುಂಬ 2004ರ ಹೊತ್ತಿಗೆ ಟೆನೆಸ್ಸಿಯ ಹೆಂಡರ್ಸನ್‌ವಿಲ್‌ಗೆ ಬಂದು ನೆಲೆಸಿತು. ಕಂಟ್ರಿ ಸಂಗೀತದ ತವರಾದ ನ್ಯಾಶ್‌ವಿಲ್ ಅಲ್ಲಿಂದ ಕೂಗಳತೆಯ ದೂರ. 14ನೇ ವಯಸ್ಸಿಗೆ ಸೋನಿ/ಎಟಿವಿ ಎಂಬ ಸಂಗೀತ ಪ್ರಕಾಶನ ಸಂಸ್ಥೆ ಅವರನ್ನು ಗೀತ ರಚನೆಕಾರರಾಗಿ ಸೇರಿಸಿಕೊಂಡಿತು. ಅಂದರೆ ಗಾಯಕಿಯಾಗಿ ಹೆಸರು ಮಾಡುವ ಮೊದಲೇ ಅವರು ವೃತ್ತಿಪರ ರಚನೆಕಾರ್ತಿಯಾಗಿದ್ದರು. ಮುಂದಿನ ಎಲ್ಲ ಬೆಳವಣಿಗೆಗೂ ಬುನಾದಿ ಇದೇ.

ನ್ಯಾಶ್‌ವಿಲ್‌ನ ಬ್ಲೂಬರ್ಡ್ ಕೆಫೆಯಲ್ಲಿ ಅವರ ಹಾಡು ಕೇಳಿದ ಸ್ಕಾಟ್ ಬೊರ್ಚೆಟಾ, ತಾವು ಹೊಸದಾಗಿ ಕಟ್ಟುತ್ತಿದ್ದ ಬಿಗ್ ಮಷೀನ್ ಕಂಪನಿಗೆ 2005ರಲ್ಲಿ ಅವರನ್ನು ಕರೆದುಕೊಂಡರು. ಟೇಲರ್‌ಗೆ ಆಗ 15 ವರ್ಷ. ಕರಾರು ಆರು ಆಲ್ಬಂಗಳಿಗೆ. ಧ್ವನಿಮುದ್ರಣ, ಪ್ರಚಾರ, ರೇಡಿಯೊದವರ ಮನವೊಲಿಕೆ ಎಲ್ಲಕ್ಕೂ ಕಂಪನಿ ಹಣ ಹೂಡುತ್ತದೆ, ಬದಲಿಗೆ ಮಾಸ್ಟರ್ ಕಂಪನಿಯ ಸೊತ್ತಾಗುತ್ತದೆ. ಹೊಸಬರಿಗೆ ಅಲ್ಲಿ ಸಿಗುತ್ತಿದ್ದದ್ದು ಇಂಥದ್ದೇ ಕರಾರು. ಇದರಲ್ಲಿ ಮೋಸವೇನೂ ಇರಲಿಲ್ಲ. ಕಲಾವಿದರಿಗೆ ಮೊದಲು ಸಿಗುವುದು ಮುಂಗಡ. ಆ ಮುಂಗಡ ಮತ್ತು ಮುದ್ರಣದ ಖರ್ಚು ಅವರ ಪಾಲಿನ ರಾಯಧನದಿಂದಲೇ ಮುರಿದುಕೊಂಡು ತೀರುವವರೆಗೆ ಬೇರೆ ಹಣ ಕೈಗೆ ಬರುವುದಿಲ್ಲ. ಸಾಲ ತೀರಿದ ಮೇಲೂ ಮಾಸ್ಟರ್ ಮಾತ್ರ ಕಂಪನಿಯದ್ದೇ. ಮನೆ ಸಾಲವಾದರೆ ಕೊನೆಯ ಕಂತು ಕಟ್ಟಿದ ಮೇಲೆ ಮನೆ ನಮ್ಮದಾಗುತ್ತದೆ, ಇಲ್ಲಿ ಹಾಗಲ್ಲ.

ಇಲ್ಲಿ ಒಂದು ವಿಷಯ ಬಿಡಿಸಿಕೊಳ್ಳಬೇಕು. ಕೇಳುವವರಿಗೆ ಹಾಡು ಒಂದೇ. ಕಾನೂನಿನ ಕಣ್ಣಿಗೆ ಅದರಲ್ಲಿ ಎರಡು ಸೊತ್ತುಗಳಿವೆ. ಮೊದಲನೆಯದು ಕೃತಿ, ಅಂದರೆ ಸಾಹಿತ್ಯ ಮತ್ತು ರಾಗ. ಇದು ಬರೆದವರದ್ದು, ಅವರ ಪರವಾಗಿ ಪ್ರಕಾಶನ ಸಂಸ್ಥೆ ನೋಡಿಕೊಳ್ಳುತ್ತದೆ. ಎರಡನೆಯದು ಒಂದು ದಿನ ಒಂದು ಸ್ಟುಡಿಯೊದಲ್ಲಿ ಹಿಡಿದಿಟ್ಟ ಧ್ವನಿ. ಅದೇ ಮಾಸ್ಟರ್. ಅಮೆರಿಕದಲ್ಲಿ ಧ್ವನಿಮುದ್ರಣಕ್ಕೆ ಫೆಡರಲ್ ಕಾನೂನಿನ ರಕ್ಷಣೆ ಸಿಕ್ಕಿದ್ದೇ ತಡವಾಗಿ, 1972ರ ಫೆಬ್ರುವರಿ 15ರಿಂದ. ಆ ರಕ್ಷಣೆಗೂ ಒಂದು ಮಿತಿ ಇದೆ. ಹಕ್ಕುಸ್ವಾಮ್ಯ ಕಾಯ್ದೆಯ 114(ಬಿ) ಪ್ರಕಾರ ಮಾಸ್ಟರ್‌ನ ಒಡೆಯರು ಆ ಮುದ್ರಣದ ನಕಲನ್ನು ತಡೆಯಬಹುದು. ಹಾಗೆಯೇ ಕೇಳಿಸುವಂತೆ ಯಾರಾದರೂ ಮತ್ತೆ ಹೊಸದಾಗಿ ಹಾಡಿದರೆ, ನುಡಿಸಿದರೆ ತಡೆಯಲಾಗದು. ಹಳೆಯ ಟೇಪಿನಿಂದ ಒಂದು ಡ್ರಮ್ ಪೆಟ್ಟನ್ನು ಅನುಮತಿಯಿಲ್ಲದೆ ತೆಗೆದುಕೊಂಡರೂ ಉಲ್ಲಂಘನೆ ಎನಿಸಬಹುದು. ಅದೇ ಪೆಟ್ಟನ್ನು ಹೊಸದಾಗಿ ಹೊಡೆದರೆ ತಪ್ಪಿಲ್ಲ.

ಇನ್ನೊಂದು ಬಾಗಿಲು ಇನ್ನೂ ಹಳೆಯದು. ಯಂತ್ರದಲ್ಲಿ ನುಡಿಯುವ ಪಿಯಾನೊ ಸುರುಳಿಗಳ ಗಲಾಟೆಯಿಂದಾಗಿ 1909ರಲ್ಲೇ ಅಮೆರಿಕ ಕಡ್ಡಾಯ ಪರವಾನಗಿ ತಂದಿತು. ಒಮ್ಮೆ ಮುದ್ರಣವಾಗಿ ಮಾರಾಟಕ್ಕೆ ಬಂದ ಕೃತಿಯನ್ನು ನಿಗದಿತ ದರ ಕೊಟ್ಟು ಯಾರು ಬೇಕಾದರೂ ಮುದ್ರಿಸಬಹುದು. ಆಗ ದರ ಪ್ರತಿಗೆ 2 ಸೆಂಟ್. 2006ರಿಂದ 2022ರವರೆಗೆ 9.1 ಸೆಂಟ್, 2023ಕ್ಕೆ 12 ಸೆಂಟ್. ಟೇಲರ್ ತಮ್ಮದೇ ಹಾಡನ್ನು ಮತ್ತೆ ಹಾಡಿದಾಗ ಈ ಹಣದಲ್ಲೂ ರಚನೆಕಾರ್ತಿಯಾಗಿ ಅವರಿಗೆ ಪಾಲಿತ್ತು.

ಇಷ್ಟು ಸುಲಭವಾಗಿದ್ದರೆ ಎಲ್ಲರೂ ಹಾಗೆ ಮಾಡುತ್ತಿರಲಿಲ್ಲವೇ? ಅದಕ್ಕೇ ಕಂಪನಿಗಳು ಕರಾರಿನಲ್ಲಿ ಮರುಮುದ್ರಣದ ತಡೆ ಸೇರಿಸುತ್ತವೆ. ರೂಢಿಯಲ್ಲಿದ್ದ ಲೆಕ್ಕ ಹೀಗೆ: ಹಾಡು ಬಿಡುಗಡೆಯಾಗಿ ಐದು ವರ್ಷ ಅಥವಾ ಕರಾರು ಮುಗಿದು ಎರಡು ವರ್ಷ, ಎರಡರಲ್ಲಿ ಯಾವುದು ತಡವೋ ಅದು. ಅವಧಿ ಮುಗಿದ ಮೇಲೆ ಮತ್ತೆ ಹಾಡಿದವರು ಮೊದಲೂ ಇದ್ದರು. ಎವರ್ಲಿ ಸೋದರರು 1960ರ ದಶಕದಲ್ಲಿ ಕಂಪನಿ ಬದಲಿಸಿದ ಮೇಲೆ ಹಳೆಯ ಹಿಟ್‌ಗಳನ್ನು ಮತ್ತೆ ಮುದ್ರಿಸಿದರು. ಕಂಪನಿಯ ವಿರುದ್ಧ ಮುಖದ ಮೇಲೆ ‘ಗುಲಾಮ’ ಎಂದು ಬರೆದುಕೊಂಡು ಓಡಾಡಿದ ಪ್ರಿನ್ಸ್ 1999ರಲ್ಲಿ ಆ ಪ್ರಯತ್ನಕ್ಕೆ ಕೈಹಾಕಿದರು. 2012ರಲ್ಲಿ ಡೆಫ್ ಲೆಪರ್ಡ್ ತಂಡ ಡಿಜಿಟಲ್ ರಾಯಧನದ ಜಗಳದಲ್ಲಿ ಹಾಗೆ ಮಾಡಿತು. ಇವ್ಯಾವುವೂ ಹಳೆಯ ಮುದ್ರಣಗಳನ್ನು ಪಕ್ಕಕ್ಕೆ ಸರಿಸಲಿಲ್ಲ. ಕೇಳುಗರ ಕಿವಿ ಹಳೆಯದಕ್ಕೇ ಒಗ್ಗಿರುತ್ತದೆ, ಹೊಸದು ಯಾವುದೆಂದು ಗುರುತಿಸುವುದೂ ಕಷ್ಟ.

2018ರ ನವೆಂಬರ್‌ನಲ್ಲಿ ಟೇಲರ್ ಕರಾರು ಮುಗಿಯಿತು. ಮಾಸ್ಟರ್‌ಗಳ ಬಗ್ಗೆ ನಡೆದ ಮಾತುಕತೆಯನ್ನು ಎರಡೂ ಕಡೆಯವರು ಬೇರೆ ಬೇರೆ ರೀತಿ ಹೇಳುತ್ತಾರೆ. ಹೊಸ ಆಲ್ಬಂ ಒಂದೊಂದು ಕೊಟ್ಟಂತೆ ಹಳೆಯದು ಒಂದೊಂದು ವಾಪಸ್ ಎಂಬುದು ತಮ್ಮ ಮುಂದಿಟ್ಟ ಷರತ್ತು ಎಂದು ಟೇಲರ್ ಹೇಳಿದರು. ಸಹಿ ಮಾಡಿದ ಕೂಡಲೇ ಎಲ್ಲವನ್ನೂ ವರ್ಗಾಯಿಸುವ ಪ್ರಸ್ತಾವ ಇತ್ತು ಎಂದರು ಬೊರ್ಚೆಟಾ. ಎರಡರಲ್ಲೂ ಸಮಾನವಾಗಿದ್ದದ್ದು ಒಂದು: ಹಳೆಯದು ಬೇಕಿದ್ದರೆ ಮುಂದಿನ ವರ್ಷಗಳನ್ನೂ ಬರೆದುಕೊಡಬೇಕಿತ್ತು. ಅದಕ್ಕೆ ಒಪ್ಪದ ಅವರು ಯೂನಿವರ್ಸಲ್ ಮ್ಯೂಸಿಕ್ ಸಮೂಹದ ರಿಪಬ್ಲಿಕ್ ರೆಕಾರ್ಡ್ಸ್ ಸೇರಿದರು. ಇನ್ನು ಮುಂದಿನ ಮಾಸ್ಟರ್‌ಗಳು ತಮ್ಮವೇ ಎಂಬುದು ಹೊಸ ಕರಾರಿನಲ್ಲಿತ್ತು.

2019ರ ಜೂನ್ 30ರಂದು, ಆಗ ಪಾಪ್ ತಾರೆಯರ ಮ್ಯಾನೇಜರ್ ಆಗಿದ್ದ ಸ್ಕೂಟರ್ ಬ್ರಾನ್ ಅವರ ಇಥಾಕಾ ಹೋಲ್ಡಿಂಗ್ಸ್ ಬಿಗ್ ಮಷೀನ್ ಕಂಪನಿಯನ್ನೇ ಕೊಂಡಿತು, ವರದಿಯಾದ ಬೆಲೆ ಸುಮಾರು 30 ಕೋಟಿ ಡಾಲರ್. ಬ್ರಾನ್ ತಮ್ಮನ್ನು ವರ್ಷಗಟ್ಟಲೆ ಪೀಡಿಸಿದವರು ಎಂದು ಟೇಲರ್ ಬಹಿರಂಗವಾಗಿ ಬರೆದರು. ಅದೇ ಆಗಸ್ಟ್‌ನಲ್ಲಿ ಟಿ.ವಿ. ಸಂದರ್ಶನವೊಂದರಲ್ಲಿ, 2020ರ ನವೆಂಬರ್‌ನಿಂದ ಮೊದಲ ಐದು ಆಲ್ಬಂಗಳನ್ನು ಮತ್ತೆ ಮುದ್ರಿಸಲು ಕರಾರಿನಲ್ಲೇ ಅವಕಾಶವಿದೆ ಎಂದು ಘೋಷಿಸಿದರು. ಕರಾರು ಮುಗಿದ ದಿನದಿಂದ ಎಣಿಸಿದರೆ ಸರಿಯಾಗಿ ಎರಡು ವರ್ಷ. 2020ರಲ್ಲಿ ಬ್ರಾನ್ ಈ ಮಾಸ್ಟರ್‌ಗಳನ್ನು ಶ್ಯಾಮ್‌ರಾಕ್‌ಗೆ ಮಾರಿದರು. ಶ್ಯಾಮ್‌ರಾಕ್ ಪಾಲುದಾರಿಕೆಗೆ ಕರೆದರೂ, ಅದರ ಲಾಭದಲ್ಲಿ ಬ್ರಾನ್‌ಗೆ ಪಾಲು ಹೋಗುತ್ತದೆ ಎಂಬ ಕಾರಣಕ್ಕೆ ಟೇಲರ್ ನಿರಾಕರಿಸಿದರು.

ಮರುಮುದ್ರಣದ ಕೆಲಸವೇ ಒಂದು ಪಾಠದಂತಿದೆ. ಮೊದಲು ಕೈಗೆತ್ತಿಕೊಂಡ ‘ಫಿಯರ್‌ಲೆಸ್’ 2008ರದ್ದು, ಹಾಡಿದಾಗ ಅವರಿಗೆ 18ರ ಆಸುಪಾಸು. ಮತ್ತೆ ಬಿಡುಗಡೆಯಾದದ್ದು 2021ರ ಏಪ್ರಿಲ್ 9ರಂದು, 31ನೇ ವಯಸ್ಸಿನಲ್ಲಿ. ಈ ನಡುವೆ ಧ್ವನಿ ತುಂಬಿಕೊಂಡಿತ್ತು, ಕಂಟ್ರಿ ಹಾಡುಗಾರಿಕೆಯ ಎಳೆತ ಬಿಟ್ಟುಹೋಗಿತ್ತು. ಹಳೆಯ ಮುದ್ರಣವನ್ನು ಸಾಲು ಸಾಲಾಗಿ ಕೇಳಿ, ಎಲ್ಲಿ ಒತ್ತು, ಎಲ್ಲಿ ಉಸಿರು ಎಂದು ಗಮನಿಸಿ ಹಾಡಬೇಕಾಯಿತು. ಕ್ರಿಸ್ಟೊಫರ್ ರೋ ಜತೆಗೂಡಿ ಅವರೇ ನಿರ್ಮಿಸಿದರು, ವರ್ಷಗಳಿಂದ ಅವರ ವೇದಿಕೆಯಲ್ಲಿ ನುಡಿಸುತ್ತಿದ್ದ ವಾದ್ಯಗಾರರೂ ಕುಳಿತರು. ಹಳೆಯ ಹಾಡುಗಳಲ್ಲಿ ಜತೆ ಕೊಟ್ಟಿದ್ದ ಕೋಲ್ಬಿ ಕ್ಯಾಲೆ, ಎಡ್ ಶೀರನ್ ಮರಳಿ ಬಂದು ಹಾಡಿಕೊಟ್ಟರು. ಬಾರದವರ ಜಾಗ ತುಂಬುವುದು ಕಷ್ಟ. ‘1989’ ಆಲ್ಬಂ ಕಟ್ಟಿದ್ದ ಸ್ವೀಡನ್ನಿನ ಮ್ಯಾಕ್ಸ್ ಮಾರ್ಟಿನ್ ಹೊಸ ಆವೃತ್ತಿಯ ನಿರ್ಮಾಣದಲ್ಲಿ ಇಲ್ಲ. ಕೆಲವು ಹಾಡುಗಳ ಸಿಂಥ್ (ಎಲೆಕ್ಟ್ರಾನಿಕ್ ವಾದ್ಯ) ಸದ್ದು ಮೂಲದಷ್ಟು ಚೂಪಾಗಿಲ್ಲ ಎಂದು ಕಿವಿಯಿದ್ದವರು ದೂರಿದರು, ಆ ದೂರು ನ್ಯಾಯವಾದದ್ದೇ. ಗಿಟಾರ್, ಬ್ಯಾಂಜೊ ಇರುವ ಹಾಡನ್ನು ಮತ್ತೆ ಕಟ್ಟಬಹುದು. ಕಂಪ್ಯೂಟರಿನಲ್ಲಿ ನೂರೆಂಟು ಪದರ ಪೇರಿಸಿ ಮಾಡಿದ ಸದ್ದಿಗೆ ಅದೇ ಕೈ ಬೇಕು.

ಹಿಂದಿನವರು ಸೋತ ಕಡೆ ಇವರು ಗೆದ್ದದ್ದಕ್ಕೆ ಎರಡು ಉಪಾಯಗಳಿವೆ. ಪ್ರತಿ ಹಾಡಿನ ಹೆಸರಿನ ಪಕ್ಕ ‘ಟೇಲರ್ಸ್ ವರ್ಷನ್’ ಎಂದು ಬರೆಸಿದರು. ಸ್ಟ್ರೀಮಿಂಗ್ ಪಟ್ಟಿಯಲ್ಲಿ ಹಳೆಯದು ಹೊಸದು ಕಲಸಿಹೋಗುವ ತೊಂದರೆ ಅದರಿಂದ ತಪ್ಪಿತು. ಜತೆಗೆ ಆಯಾ ಕಾಲದಲ್ಲಿ ಬರೆದು ಆಲ್ಬಂ ಸೇರದೆ ಉಳಿದಿದ್ದ ಹಾಡುಗಳನ್ನು ಸೇರಿಸಿದರು. ಶ್ಯಾಮ್‌ರಾಕ್ ಬಳಿ ಇದ್ದ ಆಲ್ಬಂಗಳಲ್ಲಿ ಅವು ಇರಲಿಲ್ಲ, ಕೇಳಬೇಕೆಂದರೆ ಹೊಸದಕ್ಕೇ ಬರಬೇಕು. 2021ರ ನವೆಂಬರ್ 12ರ ‘ರೆಡ್’ ಮರುಮುದ್ರಣದಲ್ಲಿದ್ದ ಹತ್ತು ನಿಮಿಷ ಮೀರಿದ ಹಾಡು ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಾದ ಬಿಲ್‌ಬೋರ್ಡ್ ಹಾಟ್ 100ರಲ್ಲಿ ಮೊದಲ ಸ್ಥಾನಕ್ಕೇರಿತು, ಅಷ್ಟು ಉದ್ದದ ಹಾಡು ಹಿಂದೆಂದೂ ಅಲ್ಲಿಗೆ ತಲುಪಿರಲಿಲ್ಲ. 2023ರ ಅಕ್ಟೋಬರ್‌ನ ‘1989’ ಮೊದಲ ವಾರದಲ್ಲಿ ಅಮೆರಿಕದಲ್ಲೇ ಸುಮಾರು 16.5 ಲಕ್ಷ ಪ್ರತಿಗಳಿಗೆ ಸಮನಾದ ಲೆಕ್ಕ ದಾಟಿ ಮೂಲವನ್ನೂ ಹಿಂದಿಕ್ಕಿತು.

ಆದರೂ ಶ್ಯಾಮ್‌ರಾಕ್‌ಗೆ ನಿಜವಾಗಿ ನೋವಾಗುವ ಜಾಗ ಬೇರೆಯೇ ಇತ್ತು. ಸಿನಿಮಾ, ಜಾಹೀರಾತು, ವೆಬ್ ಸರಣಿಯಲ್ಲಿ ಹಾಡು ಬಳಸಲು ಎರಡು ಅನುಮತಿ ಬೇಕು: ಮಾಸ್ಟರ್‌ನ ಒಡೆಯರದ್ದೊಂದು, ಕೃತಿಯ ಒಡೆಯರದ್ದೊಂದು. ಇಲ್ಲಿ ಕಡ್ಡಾಯ ಪರವಾನಗಿ ನಡೆಯುವುದಿಲ್ಲ, ದರ ಮಾತುಕತೆಯಲ್ಲೇ ನಿಗದಿಯಾಗಬೇಕು. ಹಳೆಯ ಮುದ್ರಣವನ್ನು ಯಾರೇ ಕೇಳಿಕೊಂಡು ಬಂದರೂ ರಚನೆಕಾರ್ತಿಯಾಗಿ ಟೇಲರ್ ಒಪ್ಪುತ್ತಿರಲಿಲ್ಲ. ತಮ್ಮ ಆವೃತ್ತಿಗಾದರೆ ಎರಡೂ ಅನುಮತಿ ಒಂದೇ ಬಾಗಿಲಲ್ಲಿ. 2020ರ ಡಿಸೆಂಬರ್‌ನಲ್ಲಿ, ಆಲ್ಬಂ ಇನ್ನೂ ಹೊರಬರುವ ಮೊದಲೇ, ‘ಲವ್ ಸ್ಟೋರಿ’ಯ ಹೊಸ ಮುದ್ರಣದ ತುಣುಕು ಜೋಡಿ ಹುಡುಕುವ ತಾಣವೊಂದರ ಜಾಹೀರಾತಿನಲ್ಲಿ ಕೇಳಿಸಿದ್ದು ಹೀಗೆ. ಬರೀ ಗಾಯಕಿಯಾಗಿದ್ದರೆ ಈ ‘ಇಲ್ಲ’ ಎನ್ನುವ ಅಧಿಕಾರವೇ ಇರುತ್ತಿರಲಿಲ್ಲ.

ಆರನೆಯ ಆಲ್ಬಂ ‘ರೆಪ್ಯುಟೇಷನ್’ ಮಾತ್ರ ಕೈಗೂಡಲಿಲ್ಲ. 2017ರ ನವೆಂಬರ್‌ನ ಆಲ್ಬಂ ಆದ್ದರಿಂದ 2022ರ ಹೊತ್ತಿಗೇ ಅದರ ತಡೆ ತೆರವಾಗಬೇಕು. ಕಾಲು ಭಾಗವೂ ಮುದ್ರಣವಾಗಿಲ್ಲ, ಆ ಕಾಲದ ಸಿಟ್ಟು, ಸಂಕಟಕ್ಕೆ ಅಂಟಿಕೊಂಡ ಅದನ್ನು ಮತ್ತೆ ಮಾಡಲು ಹೋದಾಗಲೆಲ್ಲ ನಿಂತುಹೋಯಿತು ಎಂದು ಮೇ 30ರ ಪತ್ರದಲ್ಲೇ ಹೇಳಿದರು. 2006ರ ಮೊದಲ ಆಲ್ಬಂ ಪೂರ್ತಿ ಮುದ್ರಣವಾಗಿದೆಯಂತೆ. 149 ಪ್ರದರ್ಶನಗಳ ‘ಎರಾಸ್ ಟೂರ್’ 200 ಕೋಟಿ ಡಾಲರ್‌ಗೂ ಮಿಕ್ಕಿ ಟಿಕೆಟ್ ಹಣ ತಂದದ್ದು ಕೊನೆಯ ಖರೀದಿಗೆ ದಾರಿ ಮಾಡಿತು.

ಇದರ ಪರಿಣಾಮ ಎರಡು ದಿಕ್ಕಿಗೂ ಆಗಿದೆ. ಯುವ ಗಾಯಕಿ ಒಲಿವಿಯಾ ರೊಡ್ರಿಗೊ ಮೊದಲ ಕರಾರಿನಲ್ಲೇ ಮಾಸ್ಟರ್ ತಮ್ಮದಾಗುವಂತೆ ಚೌಕಾಸಿ ಮಾಡಿದರು. ದೊಡ್ಡ ಕಂಪನಿಗಳು ಮರುಮುದ್ರಣದ ತಡೆಯನ್ನು 10, 15, ಕೆಲವೊಮ್ಮೆ 30 ವರ್ಷಕ್ಕೆ ಎಳೆಯಲು ನೋಡುತ್ತಿವೆ ಎಂದು 2023ರಲ್ಲಿ ವರದಿಯಾಯಿತು. 30 ವರ್ಷದ ತಡೆ ಎಂದರೆ 18ರ ಹುಡುಗಿ 48ಕ್ಕೆ ಮತ್ತೆ ಹಾಡಬೇಕು. ಅದನ್ನು ತಡೆ ಎನ್ನುವುದಕ್ಕಿಂತ ನಿಷೇಧ ಎನ್ನುವುದೇ ಸರಿ.

ನಮ್ಮ ಕಡೆ ಇದೇ ಹಾದಿ ಹಿಡಿಯಬಹುದೇ? ಕನ್ನಡ ಸಿನಿಮಾ ಹಾಡಿನಲ್ಲಿ ಬರೆಯುವವರು ಒಬ್ಬರು, ರಾಗ ಹಾಕುವವರು ಇನ್ನೊಬ್ಬರು, ಹಾಡುವವರು ಮತ್ತೊಬ್ಬರು, ಆಡಿಯೊ ಹಕ್ಕು ನಿರ್ಮಾಪಕರಿಂದ ಕಂಪನಿಗೆ. ಗಾಯಕರ ಕೈಯಲ್ಲಿ ಕೃತಿಯೇ ಇರುವುದಿಲ್ಲ. 2017ರಲ್ಲಿ ಅಮೆರಿಕ ಪ್ರವಾಸದಲ್ಲಿದ್ದ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ ತಮ್ಮ ರಾಗಗಳನ್ನು ಅನುಮತಿಯಿಲ್ಲದೆ ಹಾಡಬಾರದೆಂದು ಇಳಯರಾಜ ಅವರ ಕಡೆಯಿಂದ ನೋಟಿಸ್ ಹೋದದ್ದು ಇದನ್ನೇ ತೋರಿಸುತ್ತದೆ. ಭಾರತದ ಹಕ್ಕುಸ್ವಾಮ್ಯ ಕಾಯ್ದೆಯ 31ಸಿ ಪ್ರಕಾರ ಮೊದಲ ಮುದ್ರಣದ ವರ್ಷ ಮುಗಿದು ಐದು ಕ್ಯಾಲೆಂಡರ್ ವರ್ಷ ಕಳೆದ ಮೇಲೆ, ಕನಿಷ್ಠ 50,000 ಪ್ರತಿಗಳ ರಾಯಧನ ಮುಂಗಡ ಕಟ್ಟಿ ಕವರ್, ಅಂದರೆ ಅದೇ ಹಾಡಿನ ಹೊಸ ಮುದ್ರಣ, ಮಾಡಬಹುದು. ಆದರೆ ಹಾಡನ್ನು ಬದಲಿಸುವಂತಿಲ್ಲ.

ಬರೆದು, ರಾಗ ಹಾಕಿ, ತಾವೇ ಹಾಡುವ ಬೆಂಗಳೂರಿನ ಸ್ವತಂತ್ರ ಕಲಾವಿದರ ಸ್ಥಿತಿ ಮಾತ್ರ ಟೇಲರ್‌ಗೆ ಹತ್ತಿರದ್ದು. ಅವರು ಕರಾರಿನಲ್ಲಿ ಮೊದಲು ನೋಡಬೇಕಾದದ್ದು ಅವಧಿ ಮತ್ತು ಪ್ರದೇಶದ ಸಾಲುಗಳನ್ನು. ಕಾಯ್ದೆಯ 19ನೇ ಕಲಮಿನಂತೆ, ಹಕ್ಕು ವರ್ಗಾವಣೆಯ ಪತ್ರದಲ್ಲಿ ಅವಧಿ ಬರೆಯದಿದ್ದರೆ ಅದು ಐದು ವರ್ಷಕ್ಕೆ ಮಾತ್ರ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ. ‘ಶಾಶ್ವತವಾಗಿ, ಜಗತ್ತಿನಾದ್ಯಂತ’ ಎಂಬ ಮಾತನ್ನು ಕಂಪನಿಗಳು ಬಿಡದೆ ಸೇರಿಸುವುದು ಅದಕ್ಕೇ. ಆ ಸಾಲಿನ ಮೇಲೆ ಚೌಕಾಸಿ ಮಾಡಬೇಕಾದದ್ದು ಸಹಿ ಹಾಕುವ ಮೊದಲು.